ಒಂದು ಸಹಿ ಅಷ್ಟೇ ಅಂದಿದ್ದರು

ನಮ್ಮೂರಲ್ಲಿ ಯಾರ ಹೊಲವನ್ನೂ ಯಾರೂ ಕಸಿದುಕೊಳ್ಳಲಿಲ್ಲ. ಎಲ್ಲರೂ ತಾವಾಗಿಯೇ ಮಾರಿದರು. ಕಾಗದದಲ್ಲಿ ಹಾಗೇ ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರು, ಹೆಬ್ಬೆಟ್ಟು ಒತ್ತಿದರು, ಫೋಟೊ ತೆಗೆಸಿಕೊಂಡರು, ಖಾತೆಗೆ ಹಣ ಬಂತು. ಈಗ ಊರಿನ ಮೂಡಣ ದಿಕ್ಕಿಗೆ ಹೋದರೆ ಉದ್ದಕ್ಕೂ ಸಿಮೆಂಟ್ ಕಂಬ, ತಂತಿ ಬೇಲಿ. ಒಳಗೆ ದಾಳಿಂಬೆ, ಡ್ರಿಪ್ ಪೈಪು, ಪ್ಲಾಸ್ಟಿಕ್ ಹಾಸಿದ ದೊಡ್ಡ ಕೃಷಿ ಹೊಂಡ. ಗೇಟಿಗೊಬ್ಬ ವಾಚ್‌ಮನ್. ಅಲ್ಲಿ ಜೋಳ ಬಿತ್ತುತ್ತಿದ್ದ ಎಷ್ಟೋ ಮನೆಗಳಿಗೆ ಈಗ ಬೀಗ. ಒಂದಿಷ್ಟು ಜನ ಗೋವಾದಲ್ಲಿದ್ದಾರೆ, ಒಂದಿಷ್ಟು ಜನ ವಿಜಯಪುರದಲ್ಲಿ ಗೌಂಡಿ ಕೆಲಸಕ್ಕೆ ಹೋಗುತ್ತಾರೆ.

ಇದರ ನಡುವೆ ನನ್ನ ಸಹಿಯದೊಂದು ಪ್ರಕರಣ ನಡೆಯಿತು. ಈಗ ಬಹಳ ಹೆಣ್ಣುಮಕ್ಕಳಿಗೆ ತವರಿನಿಂದ ಒಂದು ಸಹಿ ಮಾಡಿ ಹೋಗು ಅನ್ನುವ ಫೋನು ಬರುತ್ತಿದೆ ಅಂತ ಕೇಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಸಣ್ಣ ಊರು. ನಾನು ಮದುವೆಯಾಗಿ ವಿಜಯಪುರದಲ್ಲಿದ್ದೇನೆ, ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಅಪ್ಪನ ಪಾಲಿಗೆ ಬಂದದ್ದು 12 ಎಕರೆ. ಕೆಳಗಿನ ಭಾಗ ಎರಿ ಅಂದರೆ ಕಪ್ಪು ಮಣ್ಣು, ಮೇಲಿನದು ಮಡ್ಡಿ ಅಂದರೆ ಕಲ್ಲು ನೆಲ. ಅಪ್ಪ ತೀರಿಕೊಂಡದ್ದು 2016ರಲ್ಲಿ. ಮನೆಯಲ್ಲಿ ಅವ್ವ, ಅಣ್ಣ, ತಮ್ಮ. ನಾನು ಮತ್ತು ತಂಗಿ ಕೊಟ್ಟ ಮನೆಯಲ್ಲಿ.

ಮುಳವಾಡ ಏತ ನೀರಾವರಿಯ ಕಾಲುವೆ ಬರುವವರೆಗೆ ನಮ್ಮ ಕಡೆ ಹೊಲ ಕೇಳುವವರೇ ಇರಲಿಲ್ಲ. ಆಲಮಟ್ಟಿ ಹಿನ್ನೀರನ್ನು ಎತ್ತಿ ಕೆರೆಗಳಿಗೆ ಬಿಡಲು ಶುರು ಮಾಡಿದ ಮೇಲೆ ಬಾವಿಗಳಲ್ಲಿ ನೀರು ನಿಂತಿತು. ಆಮೇಲೆ ಬಂದರು ಕೇಳುವವರು, ದಾಳಿಂಬೆ ತೋಟದ ಕಂಪನಿಯವರು. ನಾವು ತಾತ್ಸಾರ ಮಾಡುತ್ತಿದ್ದ ಮಡ್ಡಿಯೇ ಅವರಿಗೆ ಬೇಕಿತ್ತು. ನೀರು ಹಿಡಿದಿಡುವ ಎರಿಯಲ್ಲಿ ದಾಳಿಂಬೆಯ ಬೇರು ಕೊಳೆಯುತ್ತದೆ, ನೀರು ಬಸಿದು ಹೋಗುವ ಮಡ್ಡಿಯಲ್ಲಿ ಚೆನ್ನಾಗಿ ಬರುತ್ತದೆ. ಅವರಿಗೆ ಅದು ಗೊತ್ತಿತ್ತು.

ಕಾಯ್ದೆಯೂ ಅಷ್ಟೊತ್ತಿಗೆ ಬದಲಾಗಿತ್ತು. ಮೊದಲು ಕಂಪನಿಗಳು ನಮ್ಮ ರಾಜ್ಯದಲ್ಲಿ ಸೀದಾ ಬಂದು ಸಾಗುವಳಿ ಜಮೀನು ಹಿಡಿಯುವಂತಿರಲಿಲ್ಲ. ಭೂ ಸುಧಾರಣೆ ಕಾಯ್ದೆಯ 79ಬಿ ಕಲಂ ಅಡ್ಡ ಇತ್ತು. ಜಾಸ್ತಿ ವರಮಾನ ಇದ್ದವರಿಗೆ 79ಎ ಅಡ್ಡ ಇತ್ತು. 2020ರಲ್ಲಿ ಎರಡನ್ನೂ ತೆಗೆದರು. ತೆಗೆದದ್ದಷ್ಟೇ ಅಲ್ಲ, 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲ ಅಂತ ತಿಳಿಯಬೇಕು ಅಂತ ಬರೆದರು. ಬಾಕಿ ಇದ್ದ ಹಳೆಯ ಕೇಸುಗಳಿಗೂ ಅಲ್ಲಿಗೆ ಮಂಗಳ. ಒಬ್ಬರು ಇಷ್ಟೇ ಎಕರೆ ಇಟ್ಟುಕೊಳ್ಳಬಹುದು ಅನ್ನುವ ಮಿತಿ ಮಾತ್ರ ಉಳಿದಿದೆ. ಅದಕ್ಕೂ ಉಪಾಯ ಇತ್ತು. ನಮ್ಮೂರಿನ ಖರೀದಿ ಪತ್ರಗಳು ಒಂದೇ ಹೆಸರಲ್ಲಿ ಆಗಲಿಲ್ಲ. ಯಾರೋ ಪಾಲುದಾರ, ಅವರ ಹೆಂಡತಿ, ಅಳಿಯ, ಮ್ಯಾನೇಜರ್. ಬೇಲಿ ಮಾತ್ರ ಒಂದೇ.

ಅವರು ಕೊಳ್ಳುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪನಿಯ ಏಜಂಟ ಊರಿನವನೇ. ಯಾರ ಮನೆಯಲ್ಲಿ ಸೊಸೈಟಿ ಸಾಲ ಬಾಕಿ ಇದೆ, ಯಾರ ಮಗಳ ಮದುವೆ ಗೊತ್ತಾಗಿದೆ, ಯಾರು ದವಾಖಾನೆಯಲ್ಲಿದ್ದಾರೆ ಎಲ್ಲಾ ಬಲ್ಲವನು. ಮೊದಲು ಡಾಂಬರು ರಸ್ತೆಗೆ ಹತ್ತಿದ ಹೊಲಗಳನ್ನು ಒಳ್ಳೆಯ ರೇಟಿಗೆ ಕೊಂಡರು. ಊರೆಲ್ಲಾ ಆ ರೇಟನ್ನೇ ಮಾತಾಡಿತು. ಆಮೇಲೆ ಹಳ್ಳದ ದಂಡೆಯ ಹೊಲ. ಆಮೇಲೆ ಬೇಲಿ. ನಡುವೆ ಉಳಿದವರಿಗೆ ಬಂಡಿ ಹೋಗುವ ದಾರಿ ಬಂದ್. ದಾರಿ ಇಲ್ಲದ ಹೊಲಕ್ಕೆ ಟ್ರ್ಯಾಕ್ಟರ್ ಬರೋದಿಲ್ಲ, ರಾಶಿ ಯಂತ್ರ ಬರೋದಿಲ್ಲ. ಆಗ ಏಜಂಟ ಬಂದು ಮೊದಲಿನ ಅರ್ಧ ರೇಟು ಹೇಳಿದ. ಬೇಡ ಅಂದವರಿಗೆ ಅವನು ಬೈಯಲಿಲ್ಲ, ಹೆದರಿಸಲಿಲ್ಲ. "ಇರ್ಲಿ ಬಿಡ್ರಿ, ಒಂದ್ ವರ್ಷ ನೋಡ್ರಿ" ಅಂತ ನಕ್ಕು ಹೋದ. ಒಂದು ವರ್ಷ ಸಾಕಾಗುತ್ತಿತ್ತು.

ಒಂದು ಹೊಲ ಮಾತ್ರ ಅವರು ಮುಟ್ಟಲಿಲ್ಲ. ಅದು ದಲಿತ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಪರವಾನಗಿ ಇಲ್ಲದೆ ಮಾರಲು ಬರೋದಿಲ್ಲ, ಮಾರಿದರೆ ಮಾರಾಟ ನಿಲ್ಲೋದಿಲ್ಲ. ಕಂಪನಿಯ ವಕೀಲರು ಬೇಡ ಅಂದರಂತೆ. ಮೂರು ಬದಿ ಬೇಲಿ, ನಡುವೆ ಅವರ ಹೊಲ ಉಳಿದಿದೆ.

ಅಣ್ಣನಿಂದ ಫೋನ್ ಬಂದದ್ದು ಇದೆಲ್ಲ ಅರ್ಧ ಮುಗಿದ ಮೇಲೆ. "ತಂಗಿ, ಒಂದ್ ಸಹಿ ಬೇಕಾಗೇತಿ. ಬಾಗೇವಾಡಿಗಿ ಬಂದ್ ಹೋಗು" ಅಂದ. ಯಾವ ಸಹಿ ಅಂದರೆ ಮಾತು ತೇಲಿಸಿದ. ಎರಡು ದಿನಕ್ಕೆ ಏಜಂಟನೇ ಅಂಗಡಿಗೆ ಬಂದ. ಕುಂತು ಚಹಾ ಕುಡಿದು, "ಅಕ್ಕಾರ, ಏನಿಲ್ರಿ, ಒಂದು ಸಹಿ ಅಷ್ಟ. ನಿಮ್ಮ ಸೀರಿ ಕುಪ್ಪಸದ ಖರ್ಚೂ ಕೊಡ್ತಾರ" ಅಂದ. ಕಾಗದ ನೋಡಿದೆ. ಹಕ್ಕು ಬಿಟ್ಟ ಪತ್ರ. ನನಗೂ ತಂಗಿಗೂ ಅಪ್ಪನ ಆಸ್ತಿಯಲ್ಲಿ ಏನೂ ಬೇಡ, ಸಂತೋಷದಿಂದ ಬಿಟ್ಟಿದ್ದೇವೆ ಅಂತ ಟೈಪ್ ಆಗಿತ್ತು. ಸಂತೋಷವನ್ನೂ ಅವರೇ ಬರೆದುಕೊಂಡು ಬಂದಿದ್ದರು.

ಕಂಪನಿಗೆ ನಮ್ಮ ಸಹಿ ಯಾಕೆ ಬೇಕಾಯಿತು? ಅಪ್ಪ ಹೋದ ಮೇಲೆ ವಾರಸಾ ಮಾಡಿಸುವಾಗ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ, ಅವ್ವ ಮತ್ತು ಇಬ್ಬರು ಗಂಡುಮಕ್ಕಳ ಹೆಸರನ್ನಷ್ಟೇ ಉತಾರಕ್ಕೆ, ಅಂದರೆ ಪಹಣಿಗೆ, ಹಚ್ಚಿದ್ದರು. ನಮ್ಮ ಕಡೆ ಇದು ಸಾಮಾನ್ಯ. ಕೊಟ್ಟ ಹೆಣ್ಣಿನ ಹೆಸರು ಉತಾರದಲ್ಲಿ ಯಾಕೆ ಅನ್ನುತ್ತಾರೆ. ಆದರೆ ಲಕ್ಷಗಟ್ಟಲೆ ಹಾಕುವವರ ವಕೀಲರು ವಂಶಾವಳಿ ಕೇಳುತ್ತಾರೆ. ಅದರಲ್ಲಿ ಎರಡು ಹೆಣ್ಣು ಕಂಡವು. ಊರು ಲೆಕ್ಕಕ್ಕೆ ಹಿಡಿಯದ ನಮ್ಮನ್ನು ಕಂಪನಿ ಲೆಕ್ಕಕ್ಕೆ ಹಿಡಿಯಿತು, ನಮ್ಮನ್ನು ಬಿಡಿಸಿಕೊಳ್ಳುವುದಕ್ಕೆ.

ಸಹಿ ಮಾಡಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂದೆ.

ಅಣ್ಣನನ್ನು ಕೆಟ್ಟವನು ಅಂತ ಯಾರೂ ತಿಳಿಯಬೇಡಿ. ದ್ರಾಕ್ಷಿ ಹಾಕಿ ಕೈ ಸುಟ್ಟುಕೊಂಡಿದ್ದ. ಕಲ್ಲಿನ ಕಂಬ, ತಂತಿ, ಔಷಧ ಅಂತ ಮಾಡಿದ ಸಾಲ ಬಡ್ಡಿ ಸೇರಿ ಬೆಳೆದಿತ್ತು. ಏಜಂಟನಿಂದ ಸಂಚಕಾರದ ಮುಂಗಡ ಹಣವನ್ನೂ ಇಸಿದುಕೊಂಡು ಬ್ಯಾಂಕಿಗೆ ಕಟ್ಟಿಬಿಟ್ಟಿದ್ದ. ಅವನಿಗೆ ಹಿಂದೆ ಬರಲು ದಾರಿ ಇರಲಿಲ್ಲ. ನನ್ನ ತಂಗಿಗೂ ಹಣ ಬೇಕಿತ್ತು, ಮನೆ ಕಟ್ಟುತ್ತಿದ್ದಳು. ತಮ್ಮನಿಗೆ ಮಾತ್ರ ಮಾರಲು ಮನಸ್ಸಿರಲಿಲ್ಲ, ಅಣ್ಣನ ಮುಂದೆ ಬಾಯಿ ಬಿಡುವ ಧೈರ್ಯವೂ ಇರಲಿಲ್ಲ. ಅವನು ರಾತ್ರಿ ಫೋನ್ ಮಾಡಿ, "ಅಕ್ಕಾ, ನೀ ಸಹಿ ಮಾಡಬ್ಯಾಡ. ನಾ ಹೇಳೇನಿ ಅಂತ ಹೇಳಬ್ಯಾಡ" ಅಂದ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಗ್ಗೆ ನನಗೆ ಹೇಳಿದ್ದು ಅಂಗಡಿಗೆ ಬರುವ ಒಬ್ಬ ಗಿರಾಕಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ವರಮಾನ ಎಷ್ಟಿದ್ದರೂ ನಡೆಯುತ್ತದೆ. 1987ರ ಕಾಯ್ದೆಯಲ್ಲೇ ಹಾಗಿದೆ. ಕೋರ್ಟಿನ ಆವರಣದಲ್ಲಿ ಕಚೇರಿ. ಅರ್ಜಿ ಬರೆದುಕೊಟ್ಟೆ, ಒಬ್ಬ ವಕೀಲೆಯನ್ನು ಕೊಟ್ಟರು. ಅವರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಮನ್ಯಾಗ ವಾಟ್ನಿ ಆಗೇತೇನ್ರಿ? ಆಗಿದ್ರ ಯಾವಾಗ? ರಿಜಿಸ್ಟರ್ ಆಗೇತಾ?" ವಾಟ್ನಿ ಅಂದರೆ ಆಸ್ತಿಯನ್ನು ಪಾಲು ಮಾಡಿಕೊಳ್ಳುವುದು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ವಾಟ್ನಿ ಇದ್ದರೆ ಹೆಣ್ಣುಮಕ್ಕಳು ಅದನ್ನು ಕೆದಕಲು ಬರೋದಿಲ್ಲ. ನಮ್ಮಲ್ಲಿ ವಾಟ್ನಿಯೇ ಆಗಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಮಗಳಿಗೂ ಮಗನಷ್ಟೇ ಪಾಲು. ನಮ್ಮ ಐವರಲ್ಲಿ ಹಂಚಿದರೆ ಒಬ್ಬೊಬ್ಬರಿಗೆ 2 ಎಕರೆ 16 ಗುಂಟೆ.

ಆಮೇಲೆ ಕಾಗದದ ಕೆಲಸ. ಉತಾರ ಸುಲಭ, ನಾಡಕಚೇರಿಯಲ್ಲಿ ಕೊಡುತ್ತಾರೆ. ವಾರಸಾ ಆದಾಗಿನ ವರದಿಯ ನಕಲು ಬೇಕು, ಅದಕ್ಕೆ ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಸಬ್ ರಿಜಿಸ್ಟ್ರಾರ್ ಕಡೆಯಿಂದ ಇಸಿ ಅಂದರೆ ಋಣಭಾರ ಪತ್ರ ತೆಗೆಸಬೇಕು, ಹಿಂದಿಂದೆ ಏನಾದರೂ ಬರೆದುಕೊಟ್ಟಿದ್ದಾರಾ ಅಂತ ತಿಳಿಯಲು. ಅಲ್ಲೇ ಗೊತ್ತಾದದ್ದು, ಏಜಂಟ ಅಣ್ಣನಿಂದ ಸಂಚಕಾರ ಪತ್ರದ ಜೊತೆ ಅವ್ವನ ಹೆಬ್ಬೆಟ್ಟು ತೆಗೆದುಕೊಂಡು ಅವಳ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಕೊಡುವ ವಟಮುಖತ್ಯಾರ ಪತ್ರವನ್ನೂ ಮಾಡಿಸಿಕೊಂಡಿದ್ದ. ಅವ್ವನನ್ನು ಕೇಳಿದರೆ, "ಪಿಂಚಣಿ ಕಾಗದ ಅಂದ್ರವ್ವಾ" ಅಂದಳು. ವಕೀಲರು ಅದನ್ನು ಕೂಡಲೇ ರದ್ದು ಮಾಡಿಸಿದರು. ಅವ್ವ ಎರಡನೇ ಸಲ ಹೆಬ್ಬೆಟ್ಟು ಒತ್ತಲು ಬಹಳ ಹೆದರಿದಳು.

ಪಾಲು ಕೇಳಿ ಬಾಗೇವಾಡಿಯ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದೆವು. ಒಟ್ಟು ಕುಟುಂಬದ ಆಸ್ತಿ ಜಂಟಿ ಕಬ್ಜಾದಲ್ಲೇ ಇದೆ ಅಂತ ಹೇಳಿಕೊಂಡು ಪಾಲು ಕೇಳಿದರೆ ಕೋರ್ಟ್ ಫೀ 200 ರೂಪಾಯಿ ದಾಟೋದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಲಕ್ಷಗಟ್ಟಲೆ ಖರ್ಚಾಗುತ್ತದೆ ಅಂತ ಸುಮ್ನೆ ಹೆದರುತ್ತಾರೆ. ಜೊತೆಗೆ ಮಾರಬಾರದು ಅಂತ ತಡೆಯಾಜ್ಞೆ ಕೇಳಿದೆವು. ತಡೆಯಾಜ್ಞೆ ಸಿಕ್ಕಿತು. ಸಿಗದಿದ್ದರೂ ದಾವೆ ನಡೆಯುವಾಗ ಯಾರಾದರೂ ಕೊಂಡರೆ ಕೋರ್ಟಿನ ತೀರ್ಪು ಅವರಿಗೂ ಹತ್ತುತ್ತದೆ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಅದಕ್ಕೇ ಇದೆ ಅಂತ ವಕೀಲರು ಸಮಾಧಾನ ಹೇಳಿದರು. ಕಂಪನಿಯ ಕಡೆಯವರು ಅಲ್ಲಿಂದ ಫೋನ್ ಮಾಡುವುದನ್ನು ನಿಲ್ಲಿಸಿದರು. ಅವರಿಗೆ ಜಗಳದ ಹೊಲ ಬೇಡ.

ಊರಿಗೆ ಮಾತ್ರ ಜಗಳ ಬೇಕಿತ್ತು. "ಅಣ್ಣನ ಮ್ಯಾಲೆ ಕೇಸ್ ಹಾಕ್ಯಾಳ" ಅಂತ ಸುದ್ದಿ ಹಬ್ಬಿತು. ಪಾಲಿನ ದಾವೆಯಲ್ಲಿ ಎಲ್ಲರನ್ನೂ ಪಾರ್ಟಿ ಮಾಡಬೇಕು, ಹಾಗಾಗಿ ಅವ್ವನ ಹೆಸರಿಗೂ ನೋಟಿಸ್ ಹೋಯಿತು. ಕೋರ್ಟಿನ ಜವಾನ ಬಾಗಿಲಿಗೆ ಬಂದಾಗ ಅವ್ವ ಅತ್ತಳಂತೆ. ಆ ವರ್ಷ ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ ಮಾತ್ರ ಯಾರ ಕೈಯಲ್ಲೋ ಉಂಡಿ ಕಳಿಸಿದ್ದಳು, ಹೆಸರು ಹೇಳಬೇಡ ಅಂತ. ನಮ್ಮ ಮನೆಯವರು ಒಂದು ದಿನ ಬೇಸತ್ತು, "ಬಿಟ್ಟ್ ಬಿಡು, ಎರಡೆಕರೆಗಿ ತವರು ಕಳಕೋತಿಯಾ?" ಅಂದರು. ಸುಳ್ಳಲ್ಲ. ಆದರೆ ಹೊಲ ಹೋದ ಮೇಲೆ ಅಣ್ಣ ಪುಣೆಗೆ ಹೋಗುವವನಿದ್ದ, ತಮ್ಮ ಎಲ್ಲಿಗೆ ಅಂತ ಗೊತ್ತಿರಲಿಲ್ಲ, ಅವ್ವ ಯಾರ ಮನೆಗೆ ಅನ್ನುವುದೂ ಗೊತ್ತಿರಲಿಲ್ಲ. ಇನ್ನೆಲ್ಲಿಯ ತವರು?

ಅವ್ವನ ತವರು ಕೃಷ್ಣಾ ದಂಡೆಯ ಊರು, ಆಲಮಟ್ಟಿ ಹಿನ್ನೀರಲ್ಲಿ ಮುಳುಗಿತು. ಮಾಮಾ ಈಗ ಪುನರ್ವಸತಿ ಕೇಂದ್ರದಲ್ಲಿದ್ದಾನೆ. ಅವನಿಗೂ ಸರ್ಕಾರದ ಮೇಲೆ ಸಿಟ್ಟಿದೆ, ಪರಿಹಾರ ಕಡಿಮೆ ಬಂತು, ಊರು ಒಡೆಯಿತು ಅಂತ. ಆದರೆ ಅವನ ಹತ್ತಿರ ಒಂದು ಕಾಗದವಾದರೂ ಇದೆ. ನೋಟಿಸ್ ಬಂದಿತ್ತು, ತಕರಾರು ಹೇಳಲು ದಿನ ಕೊಟ್ಟಿದ್ದರು, ಸೈಟು ಕೊಟ್ಟರು, ಪರಿಹಾರ ಸಾಲದು ಅಂತ ಕೋರ್ಟಿಗೆ ಹೋಗಲು ದಾರಿ ಇತ್ತು. ಅಣೆಕಟ್ಟೆಯನ್ನು 524.256 ಮೀಟರಿಗೆ ಎತ್ತರಿಸಿದರೆ ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನೀರಾವರಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯಕ್ಕೆ 30 ಲಕ್ಷ ಅಂತ ಗೊತ್ತು ಮಾಡಿತು. ಅದಕ್ಕೂ ಬಹಳ ಹೋರಾಟ ಬೇಕಾಯಿತು. ನಮ್ಮೂರವರು ಹೋರಾಡುವುದಾದರೆ ಯಾವ ಕಚೇರಿಯ ಮುಂದೆ ಕೂರಬೇಕು? ಯಾರೂ ಏನೂ ಆದೇಶ ಮಾಡಿಲ್ಲ.

2013ರ ಭೂಸ್ವಾಧೀನ ಕಾಯ್ದೆ ಓದಿದರೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಬರೀ ಮಾಲೀಕರಲ್ಲ, ಬೇರೆಯವರ ಹೊಲವನ್ನು ಪಾಲಿಗೆ ಮಾಡುವವರು, ಕೂಲಿಯವರು, ಮೂರು ವರ್ಷದಿಂದ ಆ ಜಮೀನಿನ ಮೇಲೆ ಬದುಕಿದವರೂ ಬಾಧಿತ ಕುಟುಂಬ. ಖಾಸಗಿಯವರಿಗಾಗಿ ಸರ್ಕಾರ ಜಮೀನು ಹಿಡಿದರೆ ನೂರಕ್ಕೆ 80 ಜನರ ಒಪ್ಪಿಗೆ ಬೇಕು. ಖಾಸಗಿಯವರು ತಾವೇ ಕೊಂಡರೂ, ರಾಜ್ಯ ಹಾಕಿದ ಮಿತಿ ದಾಟಿದರೆ ಪುನರ್ವಸತಿ ಮಾಡಬೇಕು ಅಂತ 46ನೇ ಕಲಂ ಹೇಳುತ್ತದೆ. ಆದರೆ ಖರೀದಿ ಪತ್ರ ಅಳಿಯನ ಹೆಸರಲ್ಲಿ ನಾಲ್ಕೆಕರೆ, ಮ್ಯಾನೇಜರ್ ಹೆಸರಲ್ಲಿ ಮೂರೆಕರೆ ಇದ್ದರೆ ಯಾವ ಮಿತಿ, ಯಾರು ದಾಟಿದ್ದು?

ನಮ್ಮ ಪಕ್ಕದ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಾಕಾನ ಗತಿ ಇದೇ ಆಯಿತು. ಹೊಲದ ಮಾಲೀಕರು ಹುಬ್ಬಳ್ಳಿಯಲ್ಲಿದ್ದರು. ಕಾಕಾ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅಲ್ಲಿ ಬಿಳಿಜೋಳ, ಕಡಲಿ, ಕುಸುಬಿ ಬೆಳೆದವನು. ಹೊಲದಲ್ಲೇ ತಗಡಿನ ಮನೆ, ಎತ್ತು, ಎರಡು ಎಮ್ಮೆ. ಮಾಲೀಕರು ಹುಬ್ಬಳ್ಳಿಯಲ್ಲೇ ಕೂತು ಮಾತು ಮುಗಿಸಿದರು. ಕಾಕಾನಿಗೆ ಗೊತ್ತಾದದ್ದು ಅಳತೆಯವರು ಬಂದು ಬಾಂದಕಲ್ಲು ಹುಡುಕಿದಾಗ. ನಿಂತ ಜೋಳ ಕೊಯ್ದುಕೊಳ್ಳಲು ಬಿಟ್ಟರು, ಅದೇ ದೊಡ್ಡ ಉಪಕಾರ ಅನ್ನುವಂತೆ. ತಗಡು ಬಿಚ್ಚಿಕೊಂಡು ಊರಲ್ಲಿ ಮಗಳ ಹಿತ್ತಲಿಗೆ ಬಂದ. ಎತ್ತುಗಳನ್ನು ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೊಡೆದುಕೊಂಡು ಬಂದು ಮಾರಿದ. ಅವತ್ತು ನಮ್ಮ ಮನೆಯಲ್ಲೇ ಊಟ ಮಾಡಿದ. ರೊಕ್ಕ ಎಷ್ಟು ಬಂತು ಅಂದೆ. "ಬಂತವ್ವಾ" ಅಂದ, ಅಷ್ಟೇ.

ಅವನದು ಯಾವ ಕಾಗದದಲ್ಲೂ ಇಲ್ಲ. ನಮ್ಮ ರಾಜ್ಯದಲ್ಲಿ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದೇ ಕಾನೂನಿಗೆ ವಿರುದ್ಧ. ಸೈನಿಕರಂಥ ಕೆಲವರಿಗೆ ಮಾತ್ರ ಬಿಟ್ಟಿದ್ದಾರೆ. ಉಳುವವನನ್ನು ಕಾಪಾಡಲು ಮಾಡಿದ ನಿಯಮ ಅದು. ಈಗ ಅದೇ ಕಾರಣಕ್ಕೆ ಯಾರೂ ಬರೆದುಕೊಡೋದಿಲ್ಲ. ಬರೆಯದಿದ್ದರೆ ಉಳುವವನು ಇದ್ದದ್ದಕ್ಕೆ ಸಾಕ್ಷಿ ಇಲ್ಲ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ನಾನು ಹಟ ಮಾಡಿ ಊರಿಗೆ ಹೋದೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದೆ. ಅಣ್ಣ ಮೊದಲು ದೂರ ಕೂತಿದ್ದ. ಉಂಡ ಮೇಲೆ ಹತ್ತಿರ ಬಂದು, "ನಾ ಮಾರಾಕ ಬೇಕು ತಂಗಿ. ನನ್ನ ಕೊಳ್ಳಾಗ ಉರಲೈತಿ" ಅಂದ. ನಿನ್ನ ಪಾಲು ನೀ ಮಾರು, ನಮ್ಮದು ಬಿಡು ಅಂದೆ. ರಾಜಿ ಮಾತು ಅಲ್ಲಿಂದ ಶುರುವಾಯಿತು.

2024ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಅಣ್ಣ ಮತ್ತು ತಂಗಿ ತಮ್ಮ ಪಾಲಿನ 4 ಎಕರೆ 32 ಗುಂಟೆ ಮಡ್ಡಿಯನ್ನು ಮಾರುವುದು. ಅವ್ವ, ತಮ್ಮ, ನಾನು ಕೆಳಗಿನ 7 ಎಕರೆ 8 ಗುಂಟೆ ಇಟ್ಟುಕೊಳ್ಳುವುದು. ಬಾವಿ ನಮ್ಮ ಕಡೆ. ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, 200 ರೂಪಾಯಿ ಬಂತು! ವಕೀಲರು ಹಟ ಹಿಡಿದು ಒಂದು ಸಾಲು ಸೇರಿಸಿದರು. ಮೇಲಿನ ಹೊಲದ ಪಡುವಣ ಬದುವಿಗೆ 12 ಅಡಿ ದಾರಿ ಬಿಡಬೇಕು, ಯಾರು ಕೊಂಡರೂ ಇದು ಹತ್ತುತ್ತದೆ ಅಂತ. ಏಜಂಟ ಅದಕ್ಕೆ ಬಹಳ ಕೊಸರಾಡಿದ, 6 ಅಡಿ ಸಾಕು ಅಂದ. 6 ಅಡಿಯಲ್ಲಿ ಟ್ರ್ಯಾಕ್ಟರ್ ಹೋಗುತ್ತದಾ? ಪಾಲು ಮಾಡಿಕೊಳ್ಳುವವರು ದಾರಿಯನ್ನೂ ನಕಾಶೆಯನ್ನೂ ಡಿಕ್ರಿಯಲ್ಲೇ ಬರೆಸಿ, ಬಾಯಿ ಮಾತಿಗೆ ಬಿಡಬೇಡಿ.

ಡಿಕ್ರಿ ಬಂದ ಮೇಲೆ ಪೋಡಿಗೆ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡಿಸಲು, ಅರ್ಜಿ. ಸರ್ವೆಯರ್ ಬರುವ ದಿನ ಕಾಯುವುದೇ ದೊಡ್ಡ ಕೆಲಸ. ಬಂದ, ಅಳೆದ, ಕಲ್ಲು ಹಾಕಿಸಿದೆವು, ಹೊಸ ಹಿಸ್ಸಾ ನಂಬರ್ ಬಂತು. ಉತಾರದಲ್ಲಿ ನನ್ನ ಹೆಸರನ್ನು ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆ. ಅಪ್ಪನ ಹೆಸರನ್ನು ಮುಂದೆ ಹಚ್ಚಿದ್ದರು, ತಪ್ಪಿಲ್ಲದೆ.

ದಾರಿಯ ಕತೆ ಇನ್ನೂ ಮುಗಿದಿಲ್ಲ. ನಮ್ಮ ಸರ್ವೆ ನಂಬರಿನೊಳಗೆ 12 ಅಡಿ ಇದೆ ನಿಜ, ಆದರೆ ರಸ್ತೆಯಿಂದ ನಮ್ಮ ನಂಬರಿನವರೆಗೆ ಬರಬೇಕಲ್ವಾ? ನಡುವಿನ ಹೊಲಗಳು ಬೇಲಿಯೊಳಗೆ ಹೋಗಿವೆ. ಗ್ರಾಮ ನಕಾಶೆ ತೆಗೆಸಿದರೆ ಹಳ್ಳದವರೆಗೆ ಬಂಡಿದಾರಿ ತೋರಿಸಿದೆ, ಆಚೆ ಇಲ್ಲ. ನಕಾಶೆಯಲ್ಲಿ ಇರುವುದನ್ನು ತಹಶೀಲ್ದಾರರು ತೆರವು ಮಾಡಿಸಿಕೊಟ್ಟರು, ಜೆಸಿಬಿ ಬಂದು ಕಂಬ ಕಿತ್ತಿತು. ಇಲ್ಲದಿರುವುದು ವಹಿವಾಟಿನ ದಾರಿ. ಇಪ್ಪತ್ತು ವರ್ಷ ಯಾರೂ ತಡೆಯದೆ ಹಕ್ಕಿನಿಂದ ಓಡಾಡಿದ್ದೇವೆ ಅಂತ ಸಾಬೀತು ಮಾಡಿದರೆ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಸಿಗುತ್ತದೆ, ಆದರೆ ಅದಕ್ಕೆ ಸಿವಿಲ್ ಕೋರ್ಟಿಗೇ ಹೋಗಬೇಕು. ಸಾಕ್ಷಿ ಹೇಳಬೇಕಾದ ಮುದುಕರಲ್ಲಿ ಇಬ್ಬರು ಹೊಲ ಮಾರಿ ಮಗನ ಜೊತೆ ಊರು ಬಿಟ್ಟಿದ್ದಾರೆ. ಸದ್ಯಕ್ಕೆ ಆ ಪಿಟಿಸಿಎಲ್ ಹೊಲದವರು ತಮ್ಮ ಬದುವಿನ ಮೇಲೆ ಹಾಯ್ದು ಹೋಗಲು ಬಿಟ್ಟಿದ್ದಾರೆ. ನಾವು ನಮ್ಮ ದಾರಿಯಲ್ಲಿ ಅವರನ್ನು ಬಿಡುತ್ತೇವೆ.

ನನ್ನ 2 ಎಕರೆ 16 ಗುಂಟೆಯನ್ನು ಈಗ ಆ ಕಾಕಾನೇ ಮಾಡುತ್ತಿದ್ದಾನೆ, ತಮ್ಮನ ಎತ್ತು ತೆಗೆದುಕೊಂಡು. ಹಿಂಗಾರಿ ಜೋಳದಲ್ಲಿ ಅರ್ಧ ಅವನಿಗೆ, ಅರ್ಧ ನನಗೆ. ಕಳೆದ ಸಲ ಅಕಾಲದ ಮಳೆಗೆ ಕಡಲಿ ಹಾಳಾಯಿತು. ಸರ್ಕಾರದ ಬೆಳೆ ಪರಿಹಾರ ನನ್ನ ಖಾತೆಗೆ ಬಂತು, ಉತಾರದಲ್ಲಿ ಹೆಸರಿದ್ದವರಿಗೇ ಬರೋದು. ಬೀಜ, ಗೊಬ್ಬರ, ಮೈಮುರಿದ ಕೆಲಸ ಎಲ್ಲಾ ಅವನದು. ರೊಕ್ಕ ತೆಗೆದು ಪೂರ್ತಿ ಅವನ ಕೈಗೆ ಕೊಟ್ಟೆ. ಎಣಿಸದೆ ಕಿಸೆಗೆ ಹಾಕಿಕೊಂಡು, "ಯವ್ವಾ, ಇದು ಸೀದಾ ನನ್ನ ಹೆಸರಿಗಿ ಬರೂಹಂಗ ಮಾಡಾಕ ಬರೂದಿಲ್ಲನ?" ಅಂದ. ವಕೀಲರನ್ನು ಕೇಳಿದೆ. ಬರೆದುಕೊಟ್ಟರೆ ನಿಮಗೇ ತೊಂದರೆ, ಸುಮ್ನೆ ಬಾಯಿ ಮಾತಿನಲ್ಲೇ ನಡೆಸಿ ಅಂದರು. ಕಾಕಾನಿಗೆ ಇನ್ನೂ ಹೇಳಿಲ್ಲ.